ಚಿಕ್ಕಪ್ಪ ಹೆಸರು ಹಾಕದೆ ಬರೆದದ್ದು

ನಮ್ಮ ಚಿಕ್ಕಪ್ಪ ದರ್ಜಿ. ಯಾರನ್ನು ನೋಡಿದರೂ ಮುಖಕ್ಕಿಂತ ಮೊದಲು ಭುಜವೇ ಅವರ ಕಣ್ಣಿಗೆ ಬೀಳುವುದು. ಸಾವಿನ ಸುದ್ದಿ ಬಂದರೂ "ಪಾಪ, ಎದೆ ನಲವತ್ತು, ಎಡಭುಜ ಅರ್ಧ ಇಂಚು ಇಳಿಜಾರು" ಎಂದೇ ಮರುಗುತ್ತಾರೆ. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಅಂಚು ಕಪ್ಪಾದ ಕನ್ನಡಿ, ಮೂಲೆಯ ಸ್ಟೂಲಿನ ಮೇಲೆ ಗುಂಡಿ ಹೊಲಿಯುತ್ತ ಕೂತ ಚಿಕ್ಕಮ್ಮ. ಓದಲು ಪಟ್ಟಣಕ್ಕೆ ಬಂದಾಗಿನಿಂದ ನಾನೂ ಅವರ ಮನೆಯಲ್ಲೇ ಇದ್ದೇನೆ.

ದೇವರು ಚಿಕ್ಕಪ್ಪನನ್ನು ಹೊಲಿಯುವಾಗ ಧೈರ್ಯದ ಬಟ್ಟೆ ಸ್ವಲ್ಪ ಕಡಿಮೆ ಬಿದ್ದಿರಬೇಕು. ಗಿರಾಕಿ ಕಪ್ಪನ್ನು ಬಿಳುಪು ಎಂದರೂ "ಹೌದು ಸಾರ್, ಬೆಳಕಿಗೆ ಹಾಗೇ ಕಾಣುತ್ತೆ" ಎನ್ನುವವರು.

ಎರಡು ಬೀದಿ ಆಚೆಯ ಶಾಲೆಯ ಸಮವಸ್ತ್ರ ಹನ್ನೊಂದು ವರ್ಷದಿಂದ ಅವರೇ ಹೊಲಿಯುತ್ತಿರುವುದು. ಅಂಗಡಿಯ ಅರ್ಧ ಕೆಲಸ ಅದೇ. ಈ ವರ್ಷ ಶಾಲಾ ಸಮಿತಿಯವರು ಬಟ್ಟೆ ಬದಲಾಯಿಸಿದರು. ಬಟ್ಟೆ ತಂದುಕೊಟ್ಟವನು ಸಮಿತಿ ಅಧ್ಯಕ್ಷರ ಭಾವಮೈದುನ. ಎರಡು ಒಗೆತ ಆಗುವಷ್ಟರಲ್ಲಿ ಅಂಗಿಗಳು ಮುದುಡಿ ಕಂಕುಳಲ್ಲಿ ಹರಿಯತೊಡಗಿದವು. ಅಪ್ಪ ಅಮ್ಮಂದಿರು ಬೈದದ್ದು ದರ್ಜಿಯನ್ನು. ಬಟ್ಟೆಯದೇ ತಪ್ಪು ಎಂದು ಬಾಯಿಬಿಟ್ಟರೆ ಮುಂದಿನ ವರ್ಷದ ಕೆಲಸಕ್ಕೆ ಎಳ್ಳುನೀರು. ಚಿಕ್ಕಪ್ಪ ಬೈಗುಳ ನುಂಗಿ ಸುಮ್ಮನಿದ್ದರು.

ನೋಡಲಾಗದೆ ನಾನೇ ಅವರಿಗೆ ಇಂಟರ್‌ನೆಟ್‌ನಲ್ಲಿ ಆ ಶಾಲೆಯ ಪೋಷಕರ ಪುಟ ತೋರಿಸಿದೆ. ಅಲ್ಲಿ ಹೆಸರು ಹಾಕದೆಯೂ ಬರೆಯಬಹುದು.

"ಯಾರಿಗೂ ಗೊತ್ತಾಗಲ್ವಾ?"

"ಯಾರಿಗೂ ಗೊತ್ತಾಗಲ್ಲ ಚಿಕ್ಕಪ್ಪ."

ಡಿಗ್ರಿ ಮಾಡಿದ ಹುಡುಗಿ ಹೇಳಿದಳಲ್ಲ ಎಂದು ನಂಬಿ, ಭಾನುವಾರವಿಡೀ ಒಂದೇ ಬೆರಳಲ್ಲಿ ಒತ್ತಿ ಒತ್ತಿ, 'ಅನಾಮಿಕ ಪೋಷಕ' ಎಂಬ ಹೆಸರಲ್ಲಿ ಬರೆದರು:

"ತಪ್ಪು ಹೊಲಿಗೆಯದಲ್ಲ, ಬಟ್ಟೆಯದು. ಎರಡು ಒಗೆತಕ್ಕೆ ಉದ್ದದಲ್ಲಿ ಒಂದೂ ಮುಕ್ಕಾಲು ಇಂಚು ಕುಗ್ಗಿದೆ. ಹದಿನಾಲ್ಕು ಇದ್ದ ಕಂಕುಳ ಸುತ್ತು ಹದಿಮೂರೂ ಕಾಲಿಗೆ ಇಳಿದರೆ, ಉತ್ತರ ಗೊತ್ತಿದ್ದರೂ ಮಗು ಕೈ ಎತ್ತುವುದು ಹೇಗೆ? ದರ್ಜಿ ಪಾಪ ಒಳಗೆ ಅರ್ಧ ಇಂಚು ಬಟ್ಟೆ ಮೊದಲೇ ಹೆಚ್ಚಿಗೆ ಬಿಟ್ಟಿದ್ದಾನೆ. ಬಹಳ ಒಳ್ಳೆಯವನು."

ಮರುದಿನ ಬಾಗಿಲು ತೆಗೆಯುವ ಮೊದಲೇ ಎದುರಂಗಡಿಯ ಗಡಿಯಾರ ರಿಪೇರಿಯವನು ಕೂಗಿದ: "ಏನಪ್ಪಾ, ಚೆನ್ನಾಗಿ ಬರೆದಿದ್ದೀಯ!"

"ನಾನೇನು ಬರೆದೆ?"

"ಅದೇ, ಆ ಬಹಳ ಒಳ್ಳೆ ದರ್ಜಿ ಬಗ್ಗೆ."

ಮಧ್ಯಾಹ್ನದೊಳಗೆ ಇನ್ನೂ ಮೂವರು ಬಂದು ನಕ್ಕುಹೋದರು. ಚಿಕ್ಕಮ್ಮ ಸೂಜಿಯಿಂದ ಕಣ್ಣೆತ್ತದೆ ಹೇಳಿದರು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀವು ಹೆಗಲಿನ ಅಳತೆಯನ್ನೂ ಕೊಟ್ಟು ಬಂದಿದ್ದೀರಿ."

"ಸುಮ್ನಿರೇ! ಅಳತೆ ಇಲ್ಲದೆ ಆರೋಪ ಮಾಡೋಕಾಗುತ್ತಾ?"

ಗುರುವಾರ ಶಾಲೆಯ ಹೆಡ್‌ಮಿಸ್ ಅಂಗಡಿಗೇ ಬಂದರು.

"ಮಾಸ್ಟರೇ, ಆ ಅನಾಮಿಕ ಪೋಷಕರು ಯಾರು ಅಂತ ನಿಮಗೇನಾದ್ರೂ ಗೊತ್ತಾ?"

"ನನಗೆಲ್ಲಿ ಮೇಡಂ! ನನಗೆ ಫೋನ್ ಬಂದರೆ ಎತ್ತೋದಷ್ಟೇ ಗೊತ್ತು."

ಆಕೆ ನಗಲಿಲ್ಲ. "ಸಿಕ್ಕಿದ್ರೆ ಹೇಳಿ. ನಾಳೆ ಸಂಜೆ ಸಮಿತಿ ಸಭೆ. ಹೆಸರಿಲ್ಲದ ದೂರು ಬರೀ ಗಾಳಿಮಾತು, ಮುಂದಿನ ವರ್ಷಕ್ಕೂ ಇದೇ ಬಟ್ಟೆ ಅಂತಾರೆ ಅಧ್ಯಕ್ಷರು. ಬರೆದವರು ಮುಂದೆ ಬಂದ್ರೆ ನಾನು ಅವರ ಪಕ್ಕ ನಿಂತ್ಕೋಬಹುದು. ಯಾರೂ ಇಲ್ಲದ ಕಡೆ ಯಾರ ಪಕ್ಕ ನಿಲ್ಲಲಿ?"

ಆಕೆ ಹೋದ ಮೇಲೆ ಚಿಕ್ಕಪ್ಪನ ಕೋಪ ನನ್ನ ಮೇಲೆ ತಿರುಗಿತು. "ನಿನ್ನ ಮಾತು ಕೇಳಿ ಕೆಟ್ಟೆ!" ಹೆಸರು ಹಾಕಲೇಬೇಕು ಎಂದಿದ್ದರೆ ಅವರು ಒಂದು ಅಕ್ಷರವನ್ನೂ ಬರೆಯುತ್ತಿರಲಿಲ್ಲ. ಅಷ್ಟಕ್ಕಾದರೂ ಅನಾಮಿಕತೆ ಒಳ್ಳೆಯದೇ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಬರೆದ ಮಾತಿಗೆ ಈಗ ಒಬ್ಬ ಮನುಷ್ಯ ಬೇಕಾಗಿದ್ದ. ಆ ಮನುಷ್ಯ ಇಸ್ತ್ರಿ ಪೆಟ್ಟಿಗೆಯ ಹಿಂದೆ ಅಡಗಿ ಕೂತಿದ್ದ.

ಶುಕ್ರವಾರ ಮಧ್ಯಾಹ್ನ ಒಬ್ಬ ತಾಯಿ ಹರಿದ ಅಂಗಿ ತಂದು ಮೇಜಿನ ಮೇಲೆ ಎಸೆದಳು. "ಮೂರನೇ ಸಲ! ನಿಮಗೆ ವಯಸ್ಸಾಯ್ತು, ಹೊಲಿಗೆ ನಿಲ್ಲಲ್ಲ ಅಂತ ಅಧ್ಯಕ್ಷರೇ ಹೇಳಿದ್ರು."

ಚಿಕ್ಕಪ್ಪ ಅಂಗಿಯನ್ನು ಬೆಳಕಿಗೆ ಹಿಡಿದರು. "ನೋಡಮ್ಮಾ. ದಾರ ಕಿತ್ತಿದೆಯಾ? ಹೊಲಿಗೆ ಹಾಗೇ ಇದೆ, ಪಕ್ಕದ ಬಟ್ಟೆ ಪಿಸಿದುಹೋಗಿದೆ. ಹೊಲಿಗೆ ನಿಲ್ಲಲ್ಲವಂತೆ! ಯಾರ ಹೊಲಿಗೆ?" ಅವರ ಧ್ವನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಮಗಳೇ, ಫೋನ್ ಕೊಡು ಇಲ್ಲಿ."

ಹಳೆಯ ಬರಹದ ಕೆಳಗೆ ತಮ್ಮ ಪೂರ್ತಿ ಹೆಸರು, ಅಂಗಡಿಯ ವಿಳಾಸ ಹಾಕಿ ಬರೆದರು: "ಅನಾಮಿಕ ಪೋಷಕ ನಾನೇ. ನನ್ನ ಮಗ ಶಾಲೆ ಬಿಟ್ಟು ಹದಿನೈದು ವರ್ಷವಾಯಿತು, ಕ್ಷಮಿಸಿ. ಸಂಜೆ ಸಭೆಗೆ ಬರುತ್ತೇನೆ."

ಸಭೆಗೆ ಹೋದರು. ಹರಿದ ಅಂಗಿ ಮೇಜಿನ ಮೇಲಿಟ್ಟು, ಮೊದಲು ತೊದಲಿ, ಆಮೇಲೆ ಕಾಲು ಗಂಟೆ ನಿಲ್ಲಿಸದೆ ಮಾತಾಡಿದರಂತೆ. ಹೆಡ್‌ಮಿಸ್ ಹೇಳಿದಂತೆಯೇ ಪಕ್ಕದಲ್ಲಿ ನಿಂತರು. ಬಟ್ಟೆ ಬದಲಾಯಿತು. ಆದರೆ ಅಧ್ಯಕ್ಷರು ಸೇಡು ಬಿಡುವವರಲ್ಲ. ಮುಂದಿನ ವರ್ಷದಿಂದ ಚಡ್ಡಿ, ಲಂಗ ಮಾತ್ರ ಚಿಕ್ಕಪ್ಪನಿಗೆ, ಅಂಗಿಗಳೆಲ್ಲ ಬಸ್‌ಸ್ಟ್ಯಾಂಡ್ ಬಳಿಯ ಹೊಸ ದರ್ಜಿಗೆ.

ಚಿಕ್ಕಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಎಂಟನೆಯ ದಿನ ಆ ಹೊಸ ದರ್ಜಿಯೇ ಬಂದು ಬಾಗಿಲಲ್ಲಿ ನಿಂತ. "ಅಣ್ಣಾ, ಮುಂದಿನ ವರ್ಷದ ಅಂಗಿಗೆ ಮಾದರಿ ಹೊಲೀತಿದ್ದೀನಿ, ಮಕ್ಕಳ ಕಂಕುಳ ಸುತ್ತು ಸರಿಯಾಗಿ ಕೂರ್ತಿಲ್ಲ. ನಿಮ್ಮ ಕಾಗದದ ಅಚ್ಚು ಒಂದು ಸಿಗುತ್ತಾ?"

"ಕೊಡಬೇಡಿ" ಎಂದು ಚಿಕ್ಕಮ್ಮ ಕಣ್ಣಲ್ಲೇ ಹೇಳಿದರು. ಚಿಕ್ಕಪ್ಪ ಹೊಸ ಕಾಗದ ಹಾಸಿ, ಅಳೆದು, ಅಚ್ಚು ಕತ್ತರಿಸಿದರು. ಆಮೇಲೆ ಬೆನ್ನಿನ ಭಾಗದ ಮೇಲೆ ನೀಲಿ ಸೀಮೆಸುಣ್ಣದಲ್ಲಿ ತಮ್ಮ ಹೆಸರನ್ನು ಗೇಣುದ್ದ ಬರೆದು ಕೊಟ್ಟರು.