ಬಲಗೈ ಎಲ್ಲಿತ್ತು

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಸೈಕಲ್ ಹಾಯಿಸಿ ಒಬ್ಬ ಮುದುಕಿಯನ್ನು ಕೆಡವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಸೊಸೈಟಿಯಲ್ಲಿ, ನೆಂಟರಿಷ್ಟರಲ್ಲಿ ಈ ಸುದ್ದಿ ಎತ್ತುವವರೆಲ್ಲ ಕೊನೆಗೊಮ್ಮೆ ದನಿ ತಗ್ಗಿಸಿ, "ಮತ್ತ ಆಮ್ಯಾಲರೆ ಬುದ್ಧಿ ಬಂತಿಲ್ಲೋ?" ಎಂದು ಕೇಳುತ್ತಾರೆ. ಬಂತು. ಅವರು ಅಂದುಕೊಂಡ ಬುದ್ಧಿಯಲ್ಲ, ಬೇರೆಯದು.

ನಾನು ಸೈಕಲ್ ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಒಬ್ಬ ಐರಿಶ್ ಸಿಸ್ಟರ್ ತಮ್ಮ ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಸೀಟು ಹಿಡಿದು, ಆಟದ ಬಯಲಿನ ಸುತ್ತ ಓಡುತ್ತಿದ್ದರು. "ಐಸ್ ಅಪ್, ಚೈಲ್ಡ್! ಬೋತ್ ಹ್ಯಾಂಡ್ಸ್!" ಕಣ್ಣು ಮುಂದೆ, ಎರಡೂ ಕೈ ಹ್ಯಾಂಡಲಿಗೆ! ಆ ದನಿ ಈಗಲೂ ಕಿವಿಯಲ್ಲಿದೆ. ಕೆಂಪು ಮಣ್ಣು, ಮಧ್ಯಾಹ್ನದ ಪ್ರಾರ್ಥನೆಯ ಗಂಟೆ, ಒಣಗಿದ ನೀಲಗಿರಿ ಎಲೆಯ ವಾಸನೆ. ಹದಿನಾಲ್ಕು ತುಂಬಿದ ಕೂಡಲೇ ಮನೆಯಲ್ಲಿ ಸಾಕು ಅಂದರು. ಯಾಕೆ ಎಂದು ಕೇಳಿದರೆ "ಯಾಕಂದ್ರ ಸಾಕು" ಎಂಬುದೇ ಉತ್ತರ. ನಾನೂ ಬಿಟ್ಟೆ. ಆ ವಯಸ್ಸಿನಲ್ಲಿ ಬಿಟ್ಟದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮದುವೆಯಾಗಿ ಪುಣೆಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಇಲ್ಲಿಯ ಹೆಂಗಸರ ಸೈಕಲ್ಲುಗಳು. ಕಚ್ಚೆ ಸೀರೆ ಉಟ್ಟವರು ಹ್ಯಾಂಡಲಿಗೆ ಮೆಂತ್ಯದ ಕಟ್ಟು ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೂ ನನಗೆ ಧೈರ್ಯ ಬರಲು ಇಪ್ಪತ್ತು ವರ್ಷ ಹಿಡಿಯಿತು. ತೊಂಬತ್ತರ ದಶಕದ ಶುರುವಿನಲ್ಲಿ ಧನಕವಡಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಸೇರಿದಾಗ, ಇಲ್ಲಿಯ ದಂಡು ಪ್ರದೇಶ ಕ್ಯಾಂಪಿನಲ್ಲಿ ಒಬ್ಬ ಪಾರ್ಸಿ ಹೆಂಗಸಿನಿಂದ ಹಳೆಯ ಲೇಡೀಸ್ ಸೈಕಲ್ ತಂದೆ. ಕಪ್ಪು ಬಣ್ಣ, ಮುಂದೆ ಬೆತ್ತದ ಬುಟ್ಟಿ, ಬಲಗಡೆ ದೊಡ್ಡ ದುಂಡು ಬೆಲ್. ಎಡಗಡೆಯ ಬ್ರೇಕು ಹೆಸರಿಗೆ ಮಾತ್ರ, ಹಿಡಿಯುತ್ತಿದ್ದದ್ದು ಬಲಗಡೆಯದು.

ನಮ್ಮವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಅವರ ಅರ್ಧ ಆಯುಷ್ಯ ಪುಣೆ, ದೌಂಡ, ಸೊಲ್ಲಾಪುರದ ನಡುವೆ ಹಸಿರು ಬಾವುಟ ತೋರಿಸುವುದರಲ್ಲೇ ಹೋಯಿತು. ಸೈಕಲ್ ಮನೆಗೆ ಬಂದ ದಿನ ಅವರು ಒಂದೇ ಷರತ್ತು ಹಾಕಿದರು. "ನೋಡು, ನಿನ್ನ ತಪ್ಪಿನಿಂದ ಯಾರಿಗರೆ ಬಡೀತಂದ್ರ ಅವತ್ತಿಗೆ ಸೈಕಲ್ ಬಂದ್." ನಾನು ತಲೆಯಾಡಿಸಿದೆ. ಹದಿನೈದು ವರ್ಷ ಯಾರಿಗೂ ಬಡಿಯಲಿಲ್ಲ.

ಅಷ್ಟರಲ್ಲಿ ಊರು ಬದಲಾಯಿತು. ಸೈಕಲ್ಲುಗಳ ಜಾಗದಲ್ಲಿ ಸ್ಕೂಟರ್, ಸ್ಕೂಟರ್ ಜಾಗದಲ್ಲಿ ಕಾರು. ನಾನು ರಿಟೈರ್ ಆದ ಒಂದೆರಡು ವರ್ಷಕ್ಕೆ ದೊಡ್ಡ ರಸ್ತೆಯ ಬದಿಗೆ ಸಿಮೆಂಟ್ ಬ್ಲಾಕುಗಳ ಒಂದು ಪಟ್ಟಿ ಹಾಕಿದರು. ನಡುವೆ ಬಿಳಿ ಗೆರೆ: ಈ ಕಡೆ ಸೈಕಲ್, ಆ ಕಡೆ ನಡೆಯುವವರು. ಆ ಗೆರೆಗೆ ಮರ್ಯಾದೆ ಕೊಟ್ಟವಳು ನಾನೊಬ್ಬಳೇ ಇರಬೇಕು. ನಡೆಯುವವರ ಕಡೆ ಸ್ಕೂಟರುಗಳನ್ನು ನಿಲ್ಲಿಸುತ್ತಿದ್ದರು, ಒಗ್ಗರಣೆ ಅವಲಕ್ಕಿ ಮಾರುವ ಪೋಹೆಯ ಗಾಡಿ ನಿಲ್ಲುತ್ತಿತ್ತು. ನಡೆಯುವವರು ನನ್ನ ಕಡೆ ನಾಲ್ಕು ನಾಲ್ಕು ಜನ ಸಾಲಾಗಿ ನಡೆಯುತ್ತಿದ್ದರು. ಬೆಲ್ ಹೊಡೆದರೆ ನನಗೇ ಬೈಗುಳ.

ಅವರಲ್ಲೆಲ್ಲ ಹಟಮಾರಿ ಒಬ್ಬರಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಇಳಕಲ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಮಿಲಿಟರಿಯವರ ಹಾಗೆ ಕೈ ಬೀಸಿಕೊಂಡು ಸೈಕಲ್ ಗೆರೆಯ ನಟ್ಟನಡುವೆ ನಡಿಗೆ. ನಾನು ದೂರದಿಂದಲೇ ಮರಾಠಿಯಲ್ಲಿ ಕೂಗುತ್ತಿದ್ದೆ, "ಆಜೀ, ಬಾಜೂಲಾ ವ್ಹಾ!" ಪಕ್ಕಕ್ಕೆ ಸರಿಯಿರಿ ಎಂದು. ಅವರು ತಿರುಗಿಯೂ ನೋಡದೆ, "ತೂಚ್ ಉತರ್!" ಅನ್ನುತ್ತಿದ್ದರು. ನೀನೇ ಇಳಿ! ಆರು ತಿಂಗಳು ದಿನಾ ಬೆಳಿಗ್ಗೆ ನಮ್ಮಿಬ್ಬರ ನಡುವೆ ಇಷ್ಟೇ ಮಾತು.

ಆ ದಾರಿಯಲ್ಲಿ ಒಂದು ಅರಳಿಮರ, ಅದರ ಬುಡದಲ್ಲಿ ಮೊಣಕಾಲೆತ್ತರದ ಸಿಂಧೂರದ ಮಾರುತಿ. ದಾರಿ ಮಾಡಿದವರು ಮಾರುತಿಯನ್ನು ಕದಲಿಸುವ ಉಸಾಬರಿಗೆ ಹೋಗದೆ ದಾರಿಯನ್ನೇ ಡೊಂಕು ಮಾಡಿದ್ದರು. ಪುಣೆಯಲ್ಲಿ ಗಾಡಿಯ ಮೇಲೆ ಹೋಗುವವರು ಗುಡಿ ಬಂದರೆ ನಿಲ್ಲುವುದಿಲ್ಲ. ಬಲಗೈಯನ್ನು ಎದೆಗೆ, ಆಮೇಲೆ ತುಟಿಗೆ ಮುಟ್ಟಿಸಿಕೊಂಡು ಮುಂದೆ ಸಾಗುತ್ತಾರೆ. ನಾನೂ ಕಲಿತಿದ್ದೆ. ಅವತ್ತು ಶನಿವಾರ. ತಿರುವಿನಲ್ಲಿ ಬಲಗೈ ಎದೆಗೆ ಹೋಯಿತು, ಕಣ್ಣು ಮಾರುತಿಯ ಮೇಲೆ. ಅದೇ ಹೊತ್ತಿಗೆ ಆ ಇಳಕಲ್ ಸೀರೆಯವರು ಎಕ್ಕೆಯ ಮಾಲೆ ಏರಿಸಿ, ದೇವರಿಗೆ ಬೆನ್ನು ತೋರಿಸಬಾರದೆಂದು ಕೈಮುಗಿದುಕೊಂಡೇ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆ ಬಿಳಿ ಗೆರೆಯ ಈಚೆ ಬಿತ್ತು. ಬೆಲ್ಲು ಬಲಗಡೆ, ಬ್ರೇಕು ಬಲಗಡೆ, ನನ್ನ ಬಲಗೈ ಎದೆಯ ಮೇಲೆ.

"ಯವ್ವಾ, ಸತ್ನೆಪಾ!" ಎಂದು ಅವರು ಬಿದ್ದರು.

ನಾನೂ ಸೈಕಲ್ ಸಮೇತ ಬಿದ್ದಿದ್ದೆ. ಬಿದ್ದಲ್ಲಿಂದಲೇ ಕೇಳಿದೆ, "ಅಯ್ಯ ದೇವರ! ನೀವು ಕನ್ನಡದವರೇನ್ರಿ?"

"ಕನ್ನಡದಾಕಿ ಅಂತ ಗೊತ್ತಿದ್ರ ಹಾಯಸ್ತಿದ್ದಿಲ್ಲೇನು?"

ಬಲ ಮಣಿಕಟ್ಟು ಊದುತ್ತಿದ್ದಂತೆಯೇ ಆ ಮಾತು ಆಡಿದರು. ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂಳೆ ಬಿರುಕು ಬಿಟ್ಟಿತ್ತು, ಆರು ವಾರ ಪ್ಲಾಸ್ಟರ್. ಊರು ಸೊಲ್ಲಾಪುರದ ಕಡೆ, ಮಗನದು ಬಟ್ಟೆ ಅಂಗಡಿ, ಗಂಡ ಹೋಗಿ ಹತ್ತು ವರ್ಷ. ಇಷ್ಟನ್ನೂ ಎಕ್ಸ್‌ರೇ ಕಾಯುತ್ತ ಕೂತಾಗ ಹೇಳಿದರು. ನನ್ನ ತರಚಿದ ಮೊಣಕಾಲಿಗೆ ಅರಿಶಿನ ಹಚ್ಚಿಕೋ ಅಂತಲೂ ಹೇಳಿದರು.

ಮನೆಗೆ ಬಂದರೆ ನಮ್ಮವರದು ರೈಲ್ವೆ ಎನ್‌ಕ್ವಾಯರಿ. ಊಟದ ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ ಮಾರುತಿ, ಲೋಟ ಆ ಮುದುಕಿ, ಚಮಚ ನಾನು.

"ಎರಡೂ ಕೈ ಹ್ಯಾಂಡಲ್ ಮ್ಯಾಲೆ ಇದ್ದವೋ?"

"ಇದ್ದವು."

"ಬೆಲ್ಲು?"

"ಹೊಡದೆ. ಎರಡು ಸಲ."

"ಹಂಗಾದ್ರ ತಪ್ಪು ಅವರದು," ಎಂದು ಚಮಚವನ್ನು ಎತ್ತಿಟ್ಟರು. ಕೇಸ್ ಕ್ಲೋಸ್.

ಎರಡೆರಡು ಸುಳ್ಳು, ಕಣ್ಣು ಮಿಟುಕಿಸದೆ. ಕಾನ್ವೆಂಟಿನಲ್ಲಿ ಎಂಟು ವರ್ಷ ಮಾರಲ್ ಸೈನ್ಸ್ ಓದಿದವಳು! ಆದರೆ ನಿಜ ಹೇಳಿದರೆ ಸೈಕಲ್ ಹೋಗುತ್ತದೆ. ಹದಿನಾಲ್ಕರಲ್ಲಿ ಒಮ್ಮೆ ಹೋಗಿತ್ತು. ಎರಡನೆಯ ಸಲ ಬಿಡಲು ನಾನು ತಯಾರಿರಲಿಲ್ಲ.

ವಾರ ಬಿಟ್ಟು ಡಬ್ಬಿಯಲ್ಲಿ ಬಿಸಿ ಶಿರಾ ತುಂಬಿಕೊಂಡು ಅವರನ್ನು ನೋಡಲು ಹೋದೆ. ಅಂಗಡಿಗೆ ರಜೆ, ಮಗ ಮನೆಯಲ್ಲೇ ಇದ್ದ. ಅವನು ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ. ಅವನೋ ಕೈ ಮುಗಿದ.

"ಸಂಕೋಚ ಮಾಡ್ಕೋಬ್ಯಾಡ್ರಿ ಮೇಡಂ. ನೀವು ಎರಡು ಸಲ ಬೆಲ್ ಹೊಡದೀರಂತ, ನಿಮ್ಮನಿಯವರು ಫೋನ್ ಮಾಡಿದಾಗ ಹೇಳಿದ್ರು. ಅವ್ವಗ ಕೇಳಸ್ಲಿಲ್ಲ. ಕಿವಿ ಹೋಗ್ಯಾವ. ಇನ್ನ ರಸ್ತಾಕ್ಕ ಕಳಸೂದು ಬ್ಯಾಡಂತ ಮಾಡೇವಿ. ಇಲ್ಲೇ ಮನಿ ಗ್ಯಾಲರಿಯೊಳಗ ನಡೀತಾಳ."

ಸೊಸೆ ಶಿರಾದ ಡಬ್ಬಿ ಒಳಗೆ ಒಯ್ದಳು, ಮಗ ಫೋನಿಗೆ ಎದ್ದ. ಆಗ ಅವನ ಅವ್ವ ನನ್ನ ಹತ್ತಿರ ಸರಿದರು. ಬಿಳಿ ಬೂಟುಗಳನ್ನು ತೊಳೆದು ಕಪಾಟಿನ ಮೇಲೆ ಎತ್ತಿಟ್ಟಿದ್ದು ಕಾಣುತ್ತಿತ್ತು.

"ಹನ್ನೆರಡು ಹೆಜ್ಜಿ, ತಂಗಿ. ಗ್ಯಾಲರಿ ಈ ತುದಿಯಿಂದ ಆ ತುದಿಗೆ ಹನ್ನೆರಡು. ತಿರುಗಿದ್ರ ಮತ್ತ ಹನ್ನೆರಡು. ಗಾಣದ ಎತ್ತರೆ ವಾಸಿ, ಗುಂಡಗ ತಿರುಗತದ." ಒಳಬಾಗಿಲ ಕಡೆ ಒಮ್ಮೆ ನೋಡಿ ಕೇಳಿದರು, "ಖರೇ ಹೇಳು. ಬೆಲ್ ಜೋರಿತ್ತೇನು? ನಂಗ ಏನೂ ಕೇಳಸ್ಲಿಲ್ಲ. ಈಗ ಕುಕ್ಕರ್ ಸೀಟಿ ಹೊಡದ್ರೂ, ಎಷ್ಟು ಹೊಡೀತು, ನಾ ಎಷ್ಟು ಕೇಳಿದೆ ಅಂತ ಸೊಸಿನ್ನ ಕೇಳ್ತೀನಿ. ಕಿವಿ ಹೋಗೂದು ಗೊತ್ತಾಗ್ತದೋ ಇಲ್ಲೋ, ನೀ ಕಲತಾಕಿ, ನೀನ ಹೇಳು."

"ಶಿರಾ ಆರತದ, ತಿನ್ರಿ," ಅಂದು ಎದ್ದು ಬಂದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಮುಂದಿನ ಎರಡು ವಾರ ಸೈಕಲ್ ತುಳಿದೆ. ದಾರಿ ಖಾಲಿ, "ತೂಚ್ ಉತರ್" ಅನ್ನುವವರಿಲ್ಲ. ಬೇಕಾಗಿದ್ದದ್ದೂ ಅದೇ ತಾನೇ? ಆದರೆ ಅರಳಿಮರ ಬಂದಾಗ ನನ್ನ ಬಲಗೈ ಹ್ಯಾಂಡಲಿಗೆ ಅಂಟಿಕೊಂಡು ಬಿಡುತ್ತಿತ್ತು. ಮಾರುತಿಯನ್ನು ನೋಡಲು ಆಗುತ್ತಿರಲಿಲ್ಲ. ಒಬ್ಬರ ಕಿವಿಯನ್ನು ಕಿತ್ತುಕೊಂಡು ನನ್ನ ಸೈಕಲ್ ಉಳಿಸಿಕೊಂಡಿದ್ದೆ. ಚೆನ್ನಾಗಿ ಕೇಳುವ ಕಿವಿಯನ್ನು.

ಒಂದು ಭಾನುವಾರ ನಮ್ಮವರಿಗೆ, "ಅಂಗಿ ಹಾಕ್ಕೋರಿ, ಅವರನ್ನ ಮಾತಾಡ್ಸಿ ಬರೋಣ," ಅಂದೆ. ಅಲ್ಲಿ ಎಲ್ಲರೂ ಇದ್ದರು. ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಚಹಾ ಕುಡಿದ ಮೇಲೆ ಧೈರ್ಯ ಇರುತ್ತದೋ ಇಲ್ಲವೋ.

"ನಾ ಬೆಲ್ ಹೊಡದಿದ್ದಿಲ್ಲ. ನನ್ನ ಬಲಗೈ ಎದಿ ಮ್ಯಾಲಿತ್ತು, ನಮಸ್ಕಾರ ಮಾಡ್ಲಿಕ್ಕೆ. ಬ್ರೇಕೂ ಹಿಡೀಲಿಲ್ಲ. ನಿಮ್ಮ ಅವ್ವನ ಕಿವಿಗೆ ಏನೂ ಆಗಿಲ್ಲ."

ಮಗ ನಮ್ಮವರನ್ನು ನೋಡಿದ. ನಮ್ಮವರು ನನ್ನನ್ನು ನೋಡಿದರು.

"ಮತ್ತ ಅವತ್ತ ಹೊಡದೆ ಅಂದಿ?"

"ಸುಳ್ಳು ಹೇಳಿದೆ."

"ಯಾಕ?"

"ನೀವು ಸೈಕಲ್ ಬಂದ್ ಮಾಡ್ತಿದ್ರಿ."

"ಈಗ ಮಾಡೂದಿಲ್ಲೇನು?"

"ಇಲ್ಲ. ತಪ್ಪು ನಂದು. ಸೈಕಲ್ಲೂ ನಂದ."

ಮಗನ ಪಕ್ಕ ಕೂತಿದ್ದ ಅವ್ವ ನಗತೊಡಗಿದರು. ಪ್ಲಾಸ್ಟರಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ಎರಡು ಸಲ ಹೊಡದ್ಲಂತ! ಎರಡು ಸಲ! ನಾ ಹದಿನೈದು ದಿನ ಕಿವಿಗೆ ಎಣ್ಣಿ ಬಿಟ್ಕೊಂಡೆ, ಬಾಡ್ಕೋ!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದರು. ಸಣ್ಣ ಗುದ್ದೇನಲ್ಲ. ಆಮೇಲೆ ಸೊಸೆಯ ಕಡೆ ತಿರುಗಿ, "ಏ, ಬೂಟು ಇಳಸು," ಅಂದರು.

ಮಗ ಎದ್ದು ನಿಂತ. "ಅವ್ವಾ, ಹೋಗೂದಾದ್ರ ಹೋಗು. ಹಿಂದಕ್ಕ ಮಾತ್ರ ನಡೀಬ್ಯಾಡ."

"ದೇವರಿಗೆ ಬೆನ್ನ ತೋರ್ಸು ಅಂತೀಯೇನು? ನಾ ನಡೆಯಾಕಿನ. ಸೈಕಲ್ ಹೊಡಿಯಾಕಿ ಕಣ್ಣು ತಗದು ಹೊಡೀಲಿ."

ನಮ್ಮವರು ಮನೆಗೆ ಬಂದವರೇ ಪಾರ್ಕಿಂಗಿನಲ್ಲಿ ಸೈಕಲ್ಲಿಗೆ ಸರಪಳಿ ಹಾಕಿ ಕೀಲಿ ಜೇಬಿಗಿಟ್ಟುಕೊಂಡರು. "ಮಾತು ಅಂದ್ರ ಮಾತು. ಷರತ್ತು ಒಪ್ಪಿದಾಕಿ ನೀನ."

ಅದು ನಿಜ. ಅದಕ್ಕೇ ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನ ಬೆಳಿಗ್ಗೆ ನಡೆದುಕೊಂಡು ಹೋದೆ, ನಡೆಯುವವರ ಕಡೆಯಿಂದ. ಹತ್ತು ಹೆಜ್ಜೆಗೊಂದು ಸ್ಕೂಟರ್. ಬಳಸಿದರೆ ಪೋಹೆಯ ಗಾಡಿ. ಅದನ್ನು ಬಳಸಿದರೆ ತೆರೆದ ಚರಂಡಿ. ಎರಡನೆಯ ದಿನಕ್ಕೆ ನಾನೂ ಸೈಕಲ್ ಗೆರೆಯ ನಡುವೆಯೇ ನಡೆಯುತ್ತಿದ್ದೆ. ಮೂರನೆಯ ದಿನ ಹಿಂದಿನಿಂದ ಒಬ್ಬ ಕಾಲೇಜಿನ ಹುಡುಗಿ ಬೆಲ್ ಹೊಡೆದು, "ಆಜೀ, ಬಾಜೂಲಾ!" ಎಂದು ಕೂಗಿದಳು. ನನ್ನ ಬಾಯಿಂದ ತಾನಾಗಿಯೇ ಬಂತು: "ತೂಚ್ ಉತರ್!"

ಹೇಳಿ ನಾನೇ ಬೆಚ್ಚಿಬಿದ್ದೆ. ಆರು ತಿಂಗಳು ನಾನೂ ಆ ಇಳಕಲ್ ಸೀರೆಯವರೂ ಗೆರೆಗಾಗಿ ಕಾದಾಡಿದ್ದೆವು. ಸ್ಕೂಟರ್ ನಿಲ್ಲಿಸಿದವರಿಗೆ ಇಬ್ಬರೂ ಒಂದು ಮಾತು ಅಂದಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಕೈ ಚಾಚಿದೆ. "ಕೀಲಿ ಕೊಡ್ರಿ."

"ಷರತ್ತು?"

"ಮುರಿದೀನಿ. ಮುರಿದಾಕಿ ಅಂತ ಬೇಕಾದ್ರ ಎಲ್ಲಾರಿಗೂ ಹೇಳ್ರಿ. ಮೂರು ದಿನ ಶಿಕ್ಷಾನೂ ಆತು."

"ನಿನಗ ಅರವತ್ತೆರಡು, ಗೊತ್ತದ ಇಲ್ಲೋ?"

"ನನ್ನ ಬರ್ತ್‌ಡೇ ನನಗ ನೆನಪದ. ನಿಮಗ ಯಾವಾಗ ನೆನಪಿತ್ತು?"

ಅವರು ಪೇಪರ್ ಮುಖಕ್ಕೆ ಹಿಡಿದರು. ನಾನು ಕೆಳಗೆ ಹೋಗಿ, ಮೂಲೆಯ ಸೈಕಲ್ ಅಂಗಡಿಯವನನ್ನು ಕರೆಸಿ, ಅವರು ಗ್ಯಾಲರಿಯಿಂದ ನೋಡುತ್ತಿರುವಾಗಲೇ ಸರಪಳಿ ಕತ್ತರಿಸಿದೆ. ಅಂಗಡಿಯವ, "ಸಾಹೇಬರು ಏನಂತಾರೆ?" ಎಂದು ಮರಾಠಿಯಲ್ಲಿ ಕೇಳಿದ. "ಸೈಕಲ್ ಸಾಹೇಬರದಲ್ಲ," ಅಂದೆ. ಹೊಸ ಬೀಗ ತಂದೆ. ಎರಡೂ ಕೀಲಿಕೈ ನನ್ನ ಪರ್ಸಿನಲ್ಲೇ. ಸಂಜೆ ನಮ್ಮವರು ಚಹಾದ ಲೋಟ ನೋಡುತ್ತ, "ಎಡಗಡೆ ಬ್ರೇಕು ಬಿಗಿ ಮಾಡಿಸಿದ್ಯೋ ಇಲ್ಲೋ?" ಎಂದು ಕೇಳಿದರು. ಮಾಡಿಸಿದ್ದೆ. ಗಾರ್ಡ್ ಸಾಹೇಬರ ಹಸಿರು ಬಾವುಟ ಇದೇ ಇರಬೇಕು ಎಂದುಕೊಂಡೆ. ಬಾವುಟ ಇಲ್ಲದಿದ್ದರೂ ಹೋಗುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿದ ಮೇಲಿನ ಶನಿವಾರ, ತಿರುವಿಗೆ ಬರುವಾಗ ದೂರದಿಂದಲೇ ಬಿಳಿ ಬೂಟು ಕಂಡಿತು. ಕೈಮುಗಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದರು. ಒಂದು, ಎರಡು. ಒಂದು ಹೆಜ್ಜೆಯನ್ನೂ ಕಡಿಮೆ ಮಾಡಿರಲಿಲ್ಲ. ನಾನು ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು, ಹೆಬ್ಬೆರಳಿನಿಂದ ಬೆಲ್ ಹೊಡೆದೆ. ಗುಡಿಯಲ್ಲಿ ಗಂಟೆ ಹೊಡೆಯುವುದಿಲ್ಲವೇ, ಹಾಗೆ. ಮಾರುತಿಗೂ ಅದೇ, ಅವರಿಗೂ ಅದೇ. ಇನ್ನೊಮ್ಮೆ ಹೊಡೆದೆ, ಜೋರಾಗಿ.

ಅವರು ತಿರುಗಲಿಲ್ಲ. ಕಾಲು ಗೆರೆಯ ಮೇಲೆಯೇ ನಿಂತಿತು. ಮುಗಿದ ಕೈ ಬಿಡಿಸಿ, ವಾಸಿಯಾದ ಬಲಗೈಯನ್ನು ಮೇಲೆತ್ತಿ, ಇಡೀ ರಸ್ತೆಗೆ ಕೇಳುವಂತೆ ಕೂಗಿದರು:

"ಕೇಳ್ತದ, ಕೇಳ್ತದ! ಎರಡೂ ಕೇಳಿದ್ವು!"