ಯಜಮಾನಿಯ ಮುಂದಿದ್ದ ಹೋಳು

ಅರಸೀಕೆರೆಯ ಕೊಬ್ಬರಿ ಶೆಡ್ಡಿನಲ್ಲಿ ನಾನು ಬಹಳ ವರ್ಷ ಚಿಪ್ಪು ಒಡೆದವಳು. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದೇ ಶೆಡ್ಡು. ತಗಡಿನ ತೂತುಗಳಿಂದ ಇಳಿದ ಬಿಸಿಲಕೋಲು, ಅದರಲ್ಲಿ ತೇಲುವ ನಾರಿನ ಧೂಳು, ಕೊಬ್ಬರಿಯ ಸಿಹಿ ಗಮಲು. ಸುತ್ತ ಹೆಂಗಸರ ಮಚ್ಚುಗಳು ಟಕ್ ಟಕ್ ಅನ್ನುತ್ತಿದ್ದರೆ, ತವರೂರು ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದೇನೋ ಅನ್ನಿಸುತ್ತಿತ್ತು.

ಚಿಪ್ಪು ಮಾತ್ರ ಒಡೆಯಬೇಕು, ಒಳಗಿನ ಕೊಬ್ಬರಿ ಉಂಡೆಯಾಗಿಯೇ ಬರಬೇಕು. ಹೋಳಾದರೆ ಬೆಲೆ ಕಮ್ಮಿ. ಹೋಳು ಮಾಡಿದವಳ ಮುಂದೆಯೇ ಅದನ್ನು ಸಂಜೆವರೆಗೆ ಇಡಿಸುವುದು ನಮ್ಮ ಮೇಸ್ತ್ರಿಯ ಪದ್ಧತಿ. ಹೋಗಿಬರುವವರೆಲ್ಲ ನೋಡಲಿ ಅಂತ. ಗುಡ್ಡೆ ದೊಡ್ಡದಾದರೆ ಮಾರನೇ ದಿನದಿಂದ ಕೆಲಸವಿಲ್ಲ.

ಒಂದು ಸಲ ಚಳಿಜ್ವರದಿಂದ ಎದ್ದು ಬಂದೆ. ಕೈ ನಡುಗುತ್ತಿತ್ತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಊಟದ ಹೊತ್ತಿಗೆ ನನ್ನ ಮುಂದೆ ಹೋಳುಗಳ ಗುಡ್ಡೆ.

“ಏನಮ್ಮೋ, ಚಟ್ನಿ ಅಂಗಡಿ ಇಟ್ಟಿದ್ಯಾ?” ಎಂದ ಮೇಸ್ತ್ರಿ.

“ಇಟ್ಟಿವ್ನಿ, ಅರೆಯಾಕೆ ನೀನೇ ಬಾ.”

“ನಾಳೆಯಿಂದ ಮನೇಲೇ ಕುಂತ್ಕೊಂಡು ಅರಕೋ ಹೋಗು.”

ಬಾಯಿ ಗಟ್ಟಿಯಿತ್ತು, ಕಣ್ಣು ಮಾತ್ರ ಆ ಗುಡ್ಡೆಯ ಮೇಲೇ ಇತ್ತು.

ಅಷ್ಟರಲ್ಲಿ ಯಜಮಾನಿ ಬಂದರು. ಗಂಡ ಹಾಸಿಗೆ ಹಿಡಿದ ಮೇಲೆ ಶೆಡ್ಡು ನೋಡಿಕೊಳ್ಳುತ್ತಿದ್ದವರು. ಅಯ್ಯೋ ಪಾಪ ಅನ್ನಲಿಲ್ಲ. ನನ್ನ ಪಕ್ಕ ಗೋಣಿಚೀಲದ ಮೇಲೆ ಕೂತು, “ಮಚ್ಚು ಕೊಡಿ ಅಮ್ಮ” ಎಂದರು. ಆ ಶೆಡ್ಡಿನಲ್ಲಿ ನಮಗೆ ‘ಕೊಡಿ’ ಅಂದವರು ಅವರೊಬ್ಬರೇ.

ಹೊಡೆದರು. ಹೋಳು. ಇನ್ನೊಂದು ಹೊಡೆದರು. ಅದೂ ಹೋಳು. ಎರಡನ್ನೂ ತಮ್ಮ ಮುಂದೆಯೇ ಇಟ್ಟುಕೊಂಡರು. ಎಲ್ಲರ ಮಚ್ಚುಗಳೂ ನಿಂತವು. ಬಿಸಿಲಲ್ಲಿ ಧೂಳು ಮಾತ್ರ ತೇಲುತ್ತಿತ್ತು.

“ಎತ್ತಿ ಒಳಗಿಡ್ಲಾ ಅಮ್ಮಾವ್ರೇ?” ಮೇಸ್ತ್ರಿ ಬಗ್ಗಿದ.

“ಯಾಕ್ರೀ, ನಿಮ್ಮ ಪದ್ಧತಿ ಅಲ್ವಾ? ಸಂಜೆವರೆಗೂ ಇರ್ಲಿ. ನಾಳೆಯಿಂದ ನನಗೂ ಕೆಲಸ ಇಲ್ಲ ತಾನೆ?”

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ಟವೆಲ್ ಕೊಡವಿಕೊಂಡು ಆಚೆ ಹೋದ.

ಸಂಜೆವರೆಗೂ ಅವರು ಅಲ್ಲೇ ಕೂತಿದ್ದರು. ಕೊಬ್ಬರಿ ಕೊಳ್ಳುವವರು ಬಂದರು, ಯಜಮಾನಿಯ ಮುಂದಿನ ಹೋಳುಗಳನ್ನು ನೋಡಿಕೊಂಡು ಹೋದರು. ಏಳುವಾಗ ನನಗೆ, “ಕೈ ಸರಿಹೋಗೋವರೆಗೂ ಚೀಲ ತುಂಬಿ” ಎಂದರು, ಅಷ್ಟೇ. ನನಗೆ ಅಳು ಬರಲಿಲ್ಲ. ಹಸಿವಾಯಿತು. ಮಧ್ಯಾಹ್ನದ ಮುದ್ದೆ ಹಾಗೇ ಇತ್ತು, ತಿಂದೆ.

ಮಾರನೇ ದಿನ ಶೆಡ್ಡಿನ ನಡುವೆ ಯಜಮಾನಿ ಒಂದು ಬಿದಿರಿನ ಮಂಕರಿ ಇಡಿಸಿದ್ದರು. ಯಾರು ಹೋಳು ಮಾಡಿದರೂ ಅದಕ್ಕೇ ಎಸೆಯಬೇಕು. ಒಳಗೆ ಬಿದ್ದ ಮೇಲೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಮಚ್ಚುಗಳು ಟಕ್ ಟಕ್ ಅನ್ನುತ್ತಿದ್ದವು. ನಾನು ಚೀಲ ತುಂಬುತ್ತಾ ಮತ್ತೆ ಕೊಳದ ನೀರು ನೋಡುತ್ತಿದ್ದೆ.