ಮೇಡಂ ಕಟ್ಟಿದ ಗಂಟೆಯ ಭಾಷೆ

ಹೋದ ವಾರ ಪುಲಿಕೇಶಿನಗರದ ಒಂದು ಶಾಲೆಯವರು, ಹೊಸದು ಹಾಕಿಸುತ್ತಿದ್ದೇವೆ, ಹಳೇ ಗಂಟೆಪೆಟ್ಟಿಗೆ ಬಿಚ್ಚಿಕೊಡಿ ಎಂದು ಕರೆದಿದ್ದರು. ಮುಚ್ಚಳ ತೆಗೆದೆ. ಬಿಸಿ ಧೂಳು, ಬೆಸುಗೆ ಎರಡೂ ಬೆರೆತ ಹಳೆಯ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು... ಪಕ್ಕದಲ್ಲೇ ಮೇಡಂ ಕೂತಿದ್ದಾರೆ ಅನ್ನಿಸಿಬಿಟ್ಟಿತು.

ಎರಡು ಸಾವಿರದ ಇಸವಿಯ ಆಸುಪಾಸು. ಹಲಸೂರಿನಲ್ಲಿ ಪಾತ್ರೆ ಅಂಗಡಿಯೊಂದರ ಮೇಲೆ ನಮ್ಮ ಪುಟ್ಟ ಕಂಪನಿ. ಶಾಲೆ, ಕಾರ್ಖಾನೆಗಳಿಗೆ ತಾನಾಗಿ ಹೊಡೆಯುವ ಗಂಟೆ ಮಾಡುತ್ತಿದ್ದೆವು. ಊಟದ ಗಂಟೆಯನ್ನು ಸ್ವಲ್ಪ ಮುಂದೆ ಹಾಕಬೇಕೆಂದರೂ ಚಿಪ್ ಕಿತ್ತು ತಂದು ಅದರೊಳಗಿನ ಪ್ರೋಗ್ರಾಂ ಮತ್ತೆ ಬರೆಯಬೇಕಿತ್ತು. ನನ್ನ ಹಿರಿಯ ಇಂಜಿನಿಯರ್ ಮೇಡಂ ಇದರಿಂದ ರೋಸಿಹೋಗಿ, ಚಿಪ್‌ನ ಚೂರು ಜಾಗದಲ್ಲೇ ಕೂರುವಂಥ ಪುಟ್ಟ ಭಾಷೆಯೊಂದನ್ನು ತಾವೇ ಕಟ್ಟಿದರು. ಗಂಟೆಯಿದ್ದಲ್ಲೇ ಕೀಬೋರ್ಡ್ ಸಿಕ್ಕಿಸಿ ನಾಲ್ಕು ಸಾಲು ಬರೆದರೆ ಮುಗಿಯಿತು. ನಮ್ಮ ಸಾಲಿಗಾಗಿ ಕಾಯುವಾಗ ಅದರ ಪರದೆಯ ಮೇಲೆ ‘ಹೇಳು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು.

ಪೆಟ್ಟಿಗೆಗೆ ಹಾಗೆ ಕಲಿಸಿದವರು ತಾವು ಮಾತ್ರ ಏನೂ ಹೇಳುತ್ತಿರಲಿಲ್ಲ. ಹೊಸ ತಿಪ್ಪಸಂದ್ರದಲ್ಲಿ ಒಬ್ಬರೇ ಇದ್ದರು. ದಾವಣಗೆರೆ ಕಡೆಯವರು ಎನ್ನುವುದೂ ನನಗೆ ಗೊತ್ತಾದದ್ದು ಅವರ ಡಬ್ಬಿಯ ಮಂಡಕ್ಕಿಯಿಂದ. ಟೀಗೆ ಬನ್ನಿ ಎಂದು ಬಾಯಿಬಿಟ್ಟು ಕರೆದವರೇ ಅಲ್ಲ. ತಮ್ಮ ಮೇಜಿನಿಂದಲೇ ಒಂದು ಸಾಲು ಬರೆದು, ತಂತಿ ಎಳೆದು ಜೋಡಿಸಿದ್ದ ನನ್ನ ಮೇಜಿನ ಪೆಟ್ಟಿಗೆಯಲ್ಲಿ ಎರಡು ಸಣ್ಣ ಗಂಟೆ ಹೊಡೆಸುತ್ತಿದ್ದರು. ನಾನೂ ಹಾಗೇ ಉತ್ತರ ಕೊಡುತ್ತಿದ್ದೆ. ಆ ಭಾಷೆ ಬಲ್ಲವರು ಲೋಕದಲ್ಲೆಲ್ಲ ನಾವಿಬ್ಬರೇ. ಎಂಥ ಸೊಕ್ಕು ನನಗಾಗ!

ಆಮೇಲೆ ಹೊರದೇಶದಿಂದ ಇಂಥದ್ದೇ ಹಗುರವಾದ ಭಾಷೆ ಬಂತು, ಅದೂ ಬಿಟ್ಟಿಯಾಗಿ.

“ನಿಮ್ದು ನಿಮ್ಮಿಬ್ರನ್ನ ಬಿಟ್ರೆ ಯಾರಿಗ್ ಬರುತ್ತೆ ಮೇಡಂ?” ಎಂದರು ಕಂಪನಿ ಓನರ್.

ಮೇಡಂ ಆ ಭಾಷೆಯನ್ನು ನಮ್ಮ ಪೆಟ್ಟಿಗೆಯಲ್ಲಿ ಕೂರಿಸಿ, ವಾರವಿಡೀ ಪರೀಕ್ಷೆ ಮಾಡಿ, ಚೆನ್ನಾಗಿದೆ, ಇದನ್ನೇ ಹಾಕೋಣ ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

“ಸ್ವಲ್ಪನಾದ್ರೂ ಜಗಳ ಆಡ್ಬಾರ್ದಾ ಮೇಡಂ?”

“ಅದ್ರಲ್ಲಿ ಎಷ್ಟೊಂದ್ ಜನ ಮಾತಾಡ್ತಾರೆ ಕಣ್ರೀ. ನಮ್ದ್ರಲ್ಲಿ ನಾವಿಬ್ರೇ ಅಲ್ವಾ...” ಎಂದು ನಕ್ಕರು.

ಹೊಸ ಭಾಷೆಯ ಜೊತೆ ಹೊಸ ಇಂಜಿನಿಯರುಗಳು ಬಂದರು. ಅವರ ಗಲಾಟೆಯ ನಡುವೆ ಮೇಡಂ ಇನ್ನಷ್ಟು ಒಂಟಿಯಾದರು. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟರು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತು, ಮೊದಲ ಸಲ ಬಾಯಿಬಿಟ್ಟು, “ಟೀಗೆ ಬರ್ತೀರಾ?” ಎಂದರು. ಯಾರೋ ಅಪರಿಚಿತರು ಕರೆದ ಹಾಗಾಯಿತು. ಟೀ ಕುಡಿದು, ಲೋಟ ಇಟ್ಟು, ಹೊರಟೇಬಿಟ್ಟರು.

ಎಷ್ಟೋ ವರ್ಷದ ಮೇಲೆ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಓನರ್ ಸಿಕ್ಕಿದ್ದರು. “ಮೇಡಂ ಹೋಗ್ಬಿಟ್ರು, ಗೊತ್ತಾಗ್ಲಿಲ್ವಾ ನಿಮ್ಗೆ?” ಎಂದರು. ತೀರಿಹೋಗಿ ಆಗಲೇ ವರ್ಷವಾಗಿತ್ತಂತೆ. ನನಗೆ ಯಾರು ಹೇಳಬೇಕಿತ್ತು...

ಪುಲಿಕೇಶಿನಗರದ ಆ ಶಾಲೆಯ ಪೆಟ್ಟಿಗೆ ಇನ್ನೂ ಮೇಡಂ ಭಾಷೆಯಲ್ಲೇ ನಡೆಯುತ್ತಿತ್ತು. ಕೀಬೋರ್ಡ್ ಸಿಕ್ಕಿಸಿದೆ. ‘ಹೇಳು’ ಎಂದಿತು. ಅಯ್ಯೋ, ಏನಂತ ಹೇಳಲಿ? ಬೆರಳಿಗೆ ಬಂದದ್ದನ್ನೇ ಬರೆದೆ. ಕಾರಿಡಾರಿನಲ್ಲಿ ಎರಡು ಸಣ್ಣ ಗಂಟೆ ಹೊಡೆಯಿತು.

“ಇದ್ಯಾವ್ ಬೆಲ್ಲು ಸಾರ್? ನಮ್ ಸ್ಕೂಲಲ್ಲಿ ಹಿಂಗ್ ಹೊಡ್ಯಲ್ವಲ್ಲ” ಎಂದು ಆಯಾ ಓಡಿಬಂದರು.

“ಏನಿಲ್ಲಮ್ಮ, ಟೀ ಬೆಲ್ಲು” ಎಂದೆ.

ಈಗ ಆ ಭಾಷೆ ಬಲ್ಲವನು ನಾನೊಬ್ಬನೇ. ಗೊತ್ತಿದ್ದೂ, ತಂತಿ ಕೀಳುವ ಮುಂಚೆ, ಉತ್ತರದ ಗಂಟೆಗಾಗಿ ಸ್ವಲ್ಪ ಹೊತ್ತು ಕಾದೆ.